ಮುತ್ತಜ್ಜನ ಸರ್ವೆ ನಂಬರು

ನಮ್ಮ ಮುತ್ತಜ್ಜನ ಅಜ್ಜ ಹಾಲೇರಿ ಅರಸರ ಹತ್ತಿರ ಕೆಲಸಕ್ಕಿದ್ದ ಎಂಬುದರಲ್ಲಿ ದೊಡ್ಡಪ್ಪನಿಗೆ ಸಂಶಯವಿಲ್ಲ. ಯಾವ ಕೆಲಸ ಎಂಬುದು ಮಾತ್ರ ಕೇಳುವವರ ಮುಖ ನೋಡಿ ಬದಲಾಗುತ್ತದೆ. ನೆಲ್ಯಹುದಿಕೇರಿಯೊಳಗೆ ಸುಬೇದಾರ, ಬಸ್ಸು ಕಾವೇರಿ ಸೇತುವೆ ದಾಟಿ ಸಿದ್ದಾಪುರ ಮುಟ್ಟುವಷ್ಟರಲ್ಲಿ ಕಾರ್ಯಕಾರ, ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಸಿಕ್ಕಿತೋ, ದಿವಾನ. ಚಿಕ್ಕವೀರರಾಜ 1834ರಲ್ಲಿ ಪಟ್ಟ ಕಳೆದುಕೊಳ್ಳದಿದ್ದರೆ ಇನ್ನೆಷ್ಟು ಬಡ್ತಿ ಬಾಕಿಯಿತ್ತೋ!

ಈ ಮಹನೀಯನಿಗೊಂದು ದಾಖಲೆ ಒದಗಿಸುವ ಚಪಲ ಪಿಂಚಣಿಯ ಜೊತೆಗೇ ನನಗೆ ಅಂಟಿತು. ರಿಕ್ಟರ್ ಪಾದ್ರಿ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿ ತಿರುವಿದೆ. ಕಾಡಿದೆ, ಮಳೆಯಿದೆ, ಆನೆಯಿದೆ, ನಾವಿಲ್ಲ. ಲಿಂಗರಾಜೇಂದ್ರನ ಕಾಲದ ಶಿಸ್ತಿನ ಲೆಕ್ಕದಲ್ಲಿ ಒಂದೊಂದು ಗದ್ದೆಯ ವಿವರವೂ ಇದೆಯೆಂದು ಯಾರೋ ಹೇಳಿದ್ದರಿಂದ ರೆಕಾರ್ಡ್ ರೂಮಿಗೆ ಹೋದೆ.

“ಮುತ್ತಜ್ಜನ ಅಜ್ಜ ಬೇಕಿತ್ತು.”

“ಸರ್ವೆ ನಂಬರ್ ಹೇಳಿ,” ಎಂದರು ಗುಮಾಸ್ತರು, ತಲೆಯೆತ್ತದೆ.

ಅವರದೂ ಸರಿಯೇ. ಕಂದಾಯದ ಕಡತದಲ್ಲಿ ಯಜಮಾನಿಕೆ ಗದ್ದೆಯದು. ಮನುಷ್ಯ ಅದರ ಪಕ್ಕದ ಕಾಲಮ್ಮಿನಲ್ಲಿ ಬಂದು ಹೋಗುವವನು.

ಕೊನೆಗೆ ಅಜ್ಜ ಸಿಕ್ಕಿದ್ದು ನಮ್ಮದೇ ಅಟ್ಟದ ಪೆಟ್ಟಿಗೆಯಲ್ಲಿ, ಕಂಪನಿ ಸರ್ಕಾರದ ಕಾಲದ ಒಂದು ಕಂದಾಯದ ಚೀಟಿಯಲ್ಲಿ. ಮೊದಲು ಅಜ್ಜನ ಹೆಸರು, ಆಮೇಲೆ ತೂತು, ತೂತಿನ ಆಚೆಗೆ “ಇವರ ಬಾಕಿ”. ಹುದ್ದೆಯಿದ್ದ ಜಾಗವನ್ನೇ ಹುಳ ಆರಿಸಿ ತಿಂದಿತ್ತು. ಮನೆಮಂದಿಯೆಲ್ಲ ಊಟದ ಮೇಜಿನ ಸುತ್ತ ಸೇರಿದರು. ದೊಡ್ಡಪ್ಪ ಚೀಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು, ತೂತಿನ ಅಂಚಿನಲ್ಲಿ ಒಂದು ಕೊಂಬು ಕಾಣುತ್ತಿದೆ, ಆದ್ದರಿಂದ ಸುಬೇದಾರ ಎಂದರು. ಅದು ಕೊಂಬಲ್ಲ, ಹುಳದ ಹಿಕ್ಕೆ ಎಂದು ಚಿಕ್ಕಪ್ಪ ಉಗುರಿನಿಂದ ಕೆರೆದು ತೋರಿಸಿದರು. ದೊಡ್ಡಪ್ಪ ಒಂದು ಗಳಿಗೆ ಮಾತು ಬಿಟ್ಟರು. ಆಮೇಲೆ ಸ್ಕೇಲ್ ಬಂತು. ಪಕ್ಕದ ಅಕ್ಷರಗಳ ಅಗಲದಿಂದ ಲೆಕ್ಕ ಹಾಕಿದರೆ ತೂತಿಗೆ ನಾಲ್ಕಕ್ಷರ ಹಿಡಿಯುತ್ತದೆ: ಸುಬೇದಾರನೂ ಆಗಬಹುದು, ಕಾರ್ಯಕಾರನೂ ಆಗಬಹುದು. “ಸಾಲಗಾರನೂ ನಾಲ್ಕೇ,” ಎಂದಳು ಅತ್ತಿಗೆ. ಪಾರುಪತ್ಯಗಾರ ಎಂದರೆ ಆರಾಯಿತು, ಹಿಡಿಸದು ಎಂದು ಚಿಕ್ಕಪ್ಪ ತೀರ್ಪು ಕೊಡುತ್ತಿರುವಾಗಲೇ ತಮ್ಮನ ಮಗ ಅದರೊಳಗೆ ಕಿರುಬೆರಳು ತೂರಿಸಿ ತಿರುಗಿಸಿಬಿಟ್ಟ. ಎಲ್ಲರೂ ಹೌಹಾರಿದೆವು. ದೊಡ್ಡಪ್ಪ ಮಾತ್ರ ಸ್ಕೇಲಿಟ್ಟು ಇನ್ನೊಮ್ಮೆ ಅಳೆದು, “ಈಗ ಹಿಡಿಸ್ತದೆ,” ಎಂದರು.

ಅಂದಿನಿಂದ ನಮ್ಮದು ಪಾರುಪತ್ಯಗಾರರ ಮನೆತನ.

ಮೆಣಸು ಕೊಯ್ಯಲು ಬರುವಾಕೆ ಜಗಲಿಯಂಚಿನಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. 2019ರ ಆಗಸ್ಟಿನಲ್ಲಿ ಹೊಳೆ ದಂಡೆಗೆ ನುಗ್ಗಿದಾಗ ಅವಳ ಮನೆ ಹೋಯಿತು. ಕಾಗದಪತ್ರಗಳೂ ಅದರೊಟ್ಟಿಗೆ ಹೋದವು. ಆಮೇಲೆ ಪರಿಹಾರ ಕೇಳಲು ಹೋದಲ್ಲೆಲ್ಲ ಮೊದಲು ದಾಖಲೆ ತನ್ನಿ ಎಂದರಂತೆ.

“ನಮ್ಮಜ್ಜಿ ಹೆಸರೂ ಹಿಂಗೆ ಎಲ್ಲಾದ್ರೂ ಇರ್ತದಾ ಅಣ್ಣ?”

“ಅವರಿಗೆಲ್ಲ ಎಂಥ ದಾಖಲೆ!” ಎಂದರು ದೊಡ್ಡಪ್ಪ. ನನಗೆ ರೇಗಿತು. 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿ ಬಳಿ ತೋಟ ಮಾಡಿದ ಮೇಲೆ ಇಲ್ಲಿ ಕಾಫಿ ಹಬ್ಬಿದ್ದು ಘಟ್ಟದ ಕೆಳಗಿನಿಂದ, ಮೈಸೂರು ಸೀಮೆಯಿಂದ ಬಂದ ಇಂಥ ಅಜ್ಜಿಯರ ಕೈಯಿಂದಲೇ. ಅವರ ಹೆಸರು ಇದ್ದರೆ ತೋಟದ ರೈಟರು ಬರೆದ ಚೆಕ್‌ರೋಲಿನಲ್ಲಿ ಇದ್ದೀತು: ಹಾಜರಿ, ಕೂಲಿ, ಮುಂಗಡ. ಮುಂಗಡ ತೀರಿಸದೆ ಕೆಲಸ ಬಿಟ್ಟವರನ್ನು ಬ್ರಿಟಿಷರ 1859ರ ಕಾನೂನು ಜೈಲಿಗೂ ಕಳಿಸಬಹುದಿತ್ತು. ಹಳೆಯ ಚೆಕ್‌ರೋಲುಗಳನ್ನು ಎಷ್ಟು ತೋಟಗಳು ಇಟ್ಟುಕೊಂಡಿವೆ, ಎಷ್ಟು ಒಲೆಗೆ ಹೋದವು, ಯಾರು ಕೇಳಿದ್ದಾರೆ? ಇಷ್ಟನ್ನೂ ದೊಡ್ಡಪ್ಪನಿಗೆ ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಚೀಟಿಗೆ ಪ್ಲಾಸ್ಟಿಕ್ ಕವರ್ ಹಾಕುವುದರಲ್ಲಿದ್ದರು.

“ಸಾವ್ಕಾರ್ರೇ, ಬಾಕಿ ಅಂತ ಅಂದ್ರಲ್ಲ, ಎಷ್ಟಿತ್ತು?” ಎಂದಳು ಆಕೆ.

ಅಷ್ಟು ಹೊತ್ತು ತೂತನ್ನು ನೋಡಿದ ನಾವು ಯಾರೂ ಅದರ ಮುಂದಕ್ಕೆ ಓದಿರಲಿಲ್ಲ. ಓದಿದೆ. ಐದು ರೂಪಾಯಿ ಎರಡಾಣೆ. ಆ ಭಾಗವನ್ನು ಹುಳ ಮುಟ್ಟಿಯೂ ಇರಲಿಲ್ಲ.

“ಕಟ್ಟಿದ್ರಾ?”

ದೊಡ್ಡಪ್ಪ, ಕಾಫಿ ಎಲ್ಲಿ ಎಂದು ಕೇಳುತ್ತಾ ಅಡುಗೆಮನೆ ಕಡೆಗೆ ನಡೆದರು.