ಶೇಂಗಾ ಹೋಳಿಗೆಯೂ ಜಪಾನಿ ದೋಸ್ತಿಯೂ

ನಮ್ಮ ಹೊಸಪೇಟೆ ಕಡೆಯಿಂದ ಜಪಾನಿಗೆ ಹೋದವರು ಮೂರು ತಿಂಗಳಾಗೋದ್ರೊಳಗೆ ಒಂದು ರಾಗ ತೆಗೀತಾರೆ. ನೀವೂ ಕೇಳಿರ್ತೀರಿ (ನೀವೇ ತೆಗೆದಿದ್ರೂ ತೆಗೆದಿರ್ತೀರಿ, ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ?). "ಊರು ಭಾಳ ಚಲೋ ಐತ್ರಿ, ಆದ್ರ ಒಬ್ರೂ ಫ್ರೆಂಡ್ ಆಗವಲ್ರು." ಸರಿ, ಫ್ರೆಂಡ್ ಮಾಡ್ಕೊಳ್ಳೋಕೆ ನೀವು ಹೆಂಗೆ ಹೋದ್ರಿ, ಅದನ್ನ ಸ್ವಲ್ಪ ಹೇಳ್ರಿ ನೋಡೋಣ.

ಬ್ಯಾಡ ಬಿಡ್ರಿ, ನಾನೇ ಹೇಳ್ತೀನಿ. ಭಾನುವಾರ ಪಕ್ಕದ ಮನೆ ಬಾಗಿಲು ಬಡಿದ್ರಿ. "ಹಿಂಗೇ ಬಂದೆ" ಅಂದ್ರಿ. ಚಿತ್ತವಾಡಗಿಯಲ್ಲಾದ್ರೆ ಇಷ್ಟಕ್ಕೇ ಚಾ ಬರ್ತಿತ್ತು, ಚಾ ಹಿಂದೆ ಒಗ್ಗರಣಿ-ಮಿರ್ಚಿ ಬರ್ತಿತ್ತು. ಮಿರ್ಚಿ ಮುಗಿಯೋದ್ರೊಳಗೆ ಅವರ ಪಗಾರ ಎಷ್ಟು, ಮಗಳಿಗೆ ಗಂಡು ನೋಡ್ತಿದಾರೋ ಇಲ್ಲೋ ಎಲ್ಲ ನಿಮ್ಮ ಕಿಸೆಯಲ್ಲಿ! ಅಲ್ಲಿ ಆ ಮನುಷ್ಯ ಹೊಸ್ತಿಲಲ್ಲೇ ಬಗ್ಗಿ ನಮಸ್ಕಾರ ಮಾಡಿದ, ನೀವೂ ಬಗ್ಗಿದ್ರಿ, ಅವನು ಇನ್ನೊಂದು ಸಲ ಬಗ್ಗಿದ, ಬಾಗಿಲು ಹಾಕ್ಕೊಂಡ. (ಪಾಪ, ಮನೆಯೂ ಸಣ್ಣದು. ಅಲ್ಲಿ ಗೆಳೆಯರು ಸೇರೋದು ಹೋಟೆಲಿನಲ್ಲೇ ಜಾಸ್ತಿ.)

ಹೊಸ ಮನೆಗೆ ಬಂದವರೇ ಅಕ್ಕಪಕ್ಕದವರ ಹತ್ರ ಹೋಗಿ, ಒಂದು ಟವೆಲ್ಲೋ ಸಿಹಿ ಪೊಟ್ಟಣವೋ ಕೈಗಿಟ್ಟು, ಹೆಸರು ಹೇಳಿ, ಎರಡು ನಿಮಿಷಕ್ಕೆ ವಾಪಸ್ ಬರೋದು ಅಲ್ಲಿನ ಹಳೇ ರೂಢಿ. ಟೋಕಿಯೋದ ಅಪಾರ್ಟ್‌ಮೆಂಟುಗಳಲ್ಲಿ ಈಗ ಅದೂ ಕಮ್ಮಿ. ಎರಡೇ ನಿಮಿಷ ಕಣ್ರೀ! ನಿಮಗೆ ಚಪ್ಪಲಿ ಬಿಡೋಕೇ ಅಷ್ಟು ಬೇಕು.

ಈಗ ಒಂದು ಗುಟ್ಟು ಹೇಳ್ತೀನಿ, ಹತ್ರ ಬರ್ರಿ. ನಿಮ್ಮವ್ವ ಪಕ್ಕದ ಮನೆ ಡಬ್ಬಿಯನ್ನ ಖಾಲಿ ವಾಪಸ್ ಕೊಡಬಾರದು ಅಂತ ಒಂದು ಹಿಡಿ ಸಕ್ಕರೆನಾದ್ರೂ ಹಾಕಿ ಕಳಿಸ್ತಿದ್ಲು, ಹೌದಲ್ಲೋ? ಅಲ್ಲೂ ಹಂಗೇ. ಏನಾದ್ರೂ ತಗೊಂಡ್ರೆ ತಿರುಗಿ ಏನಾದ್ರೂ ಕೊಡ್ಲೇಬೇಕು, ಅದಕ್ಕೆ ಒಕಾಎಶಿ ಅಂತಾರೆ. ನೀವು ಶೇಂಗಾ ಹೋಳಿಗೆ ಕೊಟ್ರಿ, ಅವರು ಬಿಸ್ಕತ್ತು ಕೊಟ್ರು, ನೀವು ಕೋಡುಬಳೆ ಕೊಟ್ರಿ, ಅವರು ಕಿತ್ತಳೆ ಕೊಟ್ರು. ಈ ಲೆಕ್ಕ ಚುಕ್ತಾ ಆಗೋದೇ ಇಲ್ಲ. ದೋಸ್ತಿ ಅಂದ್ರೆ ಇದೇ ಅಂತ ನಿಮಗೆ ಗೊತ್ತಾಗೋದ್ರೊಳಗೆ ಎರಡು ವರ್ಷ ಆಗಿರುತ್ತೆ, ಇರ್ಲಿ.

ಸ್ವಲ್ಪ ಸಲಿಗೆ ಬೆಳೆದ ಮೇಲೆ ಅವರು "ನಿಮ್ಮ ಬ್ಲಡ್ ಗ್ರೂಪ್ ಯಾವುದು?" ಅಂತ ಕೇಳಬಹುದು. ಗಾಬರಿ ಆಗ್ಬೇಡ್ರಿ, ಯಾರೂ ಆಸ್ಪತ್ರೆಯಲ್ಲಿಲ್ಲ. ಬ್ಲಡ್ ಗ್ರೂಪ್ ನೋಡಿ ಸ್ವಭಾವ ಹೇಳೋ ನಂಬಿಕೆ ಅಲ್ಲಿ ಜೋರು. ನಗ್ತೀರಾ? ರಾಶಿ-ನಕ್ಷತ್ರ ಕೂಡಿ ಬರಲಿಲ್ಲ ಅಂತ ಮೂರು ಹೆಣ್ಣು ಬಿಟ್ಟವರು ಯಾರ್ರೀ?

ಇನ್ನು ಫೋನು. ಅಲ್ಲಿಗೂ ಇಲ್ಲಿಗೂ ಮೂರೂವರೆ ತಾಸು ಫರಕು. ಅವ್ವ ಊಟ ಮುಗಿಸಿ, ಪಾತ್ರೆ ತೊಳೆದು ಮಧ್ಯಾಹ್ನ 3ಕ್ಕೆ ವಿಡಿಯೋ ಕಾಲ್ ಮಾಡ್ತಾಳೆ. ಅಲ್ಲಿ ಸಂಜೆ 6.30, ನೀವು ಕಿಕ್ಕಿರಿದ ಟ್ರೇನಿನಲ್ಲಿ. ಇಡೀ ಬೋಗಿ ಗಪ್‌ಚುಪ್. ಫೋನಿನಲ್ಲಿ ಮಾತಾಡಬೇಡಿ ಅಂತ ಅನೌನ್ಸ್‌ಮೆಂಟೂ ಆಗಿರುತ್ತೆ. ನೀವು ಮಾತ್ರ ಸ್ಪೀಕರ್ ಹಾಕಿ, "ಹಲೋ, ಡ್ಯಾಮಿಗೆ ನೀರು ಎಷ್ಟು ಬಂತವಾ?" (ಯಾರೂ ಬೈಯಲ್ಲ. ನಿಮ್ಮ ಪಕ್ಕದ ಸೀಟು ಮಾತ್ರ ಖಾಲಿ ಆಗುತ್ತೆ.)

ಟೈಮಿನ ವಿಷಯ ಎತ್ತಲಾ? ಮಂಚದ ಮೇಲೆ ಮಲಗ್ಕೊಂಡೇ "ರೋಟರಿ ಸರ್ಕಲ್‌ನಾಗ ಇದೀನಿ, ಐದೇ ನಿಮಿಷ" ಅನ್ನೋರು ನೀವು. 2017ರಲ್ಲಿ ಟೋಕಿಯೋ ಹತ್ರದ ತ್ಸುಕುಬಾ ಎಕ್ಸ್‌ಪ್ರೆಸ್ ಟ್ರೇನೊಂದು 20 ಸೆಕೆಂಡ್ ಮುಂಚೆ ಹೊರಟಿದ್ದಕ್ಕೆ ಕಂಪನಿಯವರು ಕ್ಷಮೆ ಕೇಳಿದ್ರು. ಲೇಟಾಗಿದ್ದಕ್ಕಲ್ಲ ಮತ್ತೆ, ಮುಂಚೆ ಹೋಗಿದ್ದಕ್ಕೆ!

ಆಫೀಸಿನಲ್ಲಿ ನೀವು "ನಮ್ದು ಹಂಪಿ" ಅಂತ ಎದೆ ಉಬ್ಬಿಸ್ತೀರಿ. ಎದುರಿಗಿದ್ದವನು ಅದನ್ನ ಮನಸ್ಸಿಗೆ ತಗೊಂಡು ಮಾರನೇ ವಾರ ಓದ್ಕೊಂಡೇ ಬಂದ್ರೆ ಏನು ಮಾಡ್ತೀರಿ? ನೊಬೊರು ಕರಾಶಿಮಾ ಅಂತ ಜಪಾನಿನ ಪ್ರೊಫೆಸರೊಬ್ಬರು ಶಾಸನಗಳನ್ನ ಜಾಲಾಡಿ ವಿಜಯನಗರದ ನಾಯಕರ ಮೇಲೆ 2002ರಲ್ಲಿ ಪುಸ್ತಕವನ್ನೇ ತಂದ್ರು, 2013ರಲ್ಲಿ ಪದ್ಮಶ್ರೀನೂ ಬಂತು. ನೀವು ಹಂಪಿಯ ಮಗ್ಗುಲಲ್ಲೇ ಹುಟ್ಟಿ, ವಿರೂಪಾಕ್ಷನ ಗುಡಿಯಲ್ಲಿರೋ ಕೃಷ್ಣದೇವರಾಯನ ಶಾಸನಕ್ಕೆ ಒರಗಿ ಸೆಲ್ಫಿ ತಗೊಂಡವರು.

ಊಟದ್ದು ಬೇರೆ ಕಥೆ. ಕಂಪ್ಲಿಯ ಸೋನಾ ಮಸೂರಿ ಉದುರುದುರಾಗಿ ಉಂಡವರಿಗೆ ಅಲ್ಲಿನ ಅಂಟು ಅನ್ನ ಹೆಂಗೋ ರೂಢಿ ಆಗುತ್ತೆ. ಆದ್ರೆ ಸೊಪ್ಪಿನ ಪಲ್ಯಕ್ಕೂ ಒಣಮೀನಿನ ರಸ ಬಿದ್ದಿರುತ್ತೆ, ಸಸ್ಯಾಹಾರಿಗಳು ಕೇಳಿಯೇ ತಿನ್ರಿ. ಕಸಕ್ಕಂತೂ ವಾರದ ಪಟ್ಟಿ ಇದೆ, ಸುಡೋ ಕಸ ಒಂದು ದಿನ, ಬಾಟಲಿ ಇನ್ನೊಂದು ದಿನ. ಅಲ್ಲಿ ಬಾಟಲಿಯ ಮುಚ್ಚಳ ಬೇರೆ, ಲೇಬಲ್ ಬೇರೆ ಮಾಡಿ ಇಡೋ ನೀವು, ರಜಾಕ್ಕೆ ಬಂದ ದಿನವೇ ಮಿರ್ಚಿ ತಿಂದ ಕಾಗದ ಎಲ್ಲಿ ಒಗೆದ್ರಿ? ನಾನು ನೋಡಿದೀನಿ.

ಹೋಗೋದೇನೂ ನಿಲ್ಲಲ್ಲ ಬಿಡ್ರಿ. ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿರೋ ಜೆಎಸ್‌ಡಬ್ಲ್ಯೂ ಉಕ್ಕಿನ ಕಂಪನಿಯಲ್ಲಿ ಜಪಾನಿನ ಜೆಎಫ್‌ಇ ಸ್ಟೀಲ್ 2010ರಲ್ಲೇ ಪಾಲು ತಗೊಳ್ತು. 2021ರ ಜನವರಿಯಲ್ಲಿ ಎರಡೂ ಸರ್ಕಾರ ಸೇರಿ ರೋಗಿಗಳ ಆರೈಕೆ, ಕಟ್ಟಡ, ಬೇಸಾಯ ಅಂತ 14 ಕಸುಬಿಗೆ ಜನ ಕರೆಸ್ಕೊಳ್ಳೋ ಒಪ್ಪಂದಕ್ಕೆ ಸಹಿ ಹಾಕಿದ್ವು. ನಾಳೆ ನಿಮ್ಮ ಓಣಿಯಿಂದಲೇ ಒಬ್ಬರು ಹೊರಡ್ತಾರೆ.

ಅದಕ್ಕೇ ಹೇಳ್ತೀನಿ, ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಒಂದು ಕೆಜಿ ಕಮ್ಮಿ ಮಾಡ್ರಿ. ಶೇಂಗಾ ಚಿಕ್ಕಿ ತಗೊಳ್ರಿ, ಒಂದೊಂದೇ ಬಿಡಿ ಪೊಟ್ಟಣದ್ದು, ಆಫೀಸಿನಲ್ಲಿ ತಲೆಗೊಂದು ಹಂಚೋಕೆ ಬರುತ್ತೆ. ಮತ್ತೆ ಯಾರಾದ್ರೂ ಏಳಕ್ಕೆ ಊಟಕ್ಕೆ ಸಿಗೋಣ ಅಂದ್ರೆ, ನಿಮ್ಮ ಕಾಲಿಗೆ ಬೀಳ್ತೀನಿ, ಏಳಕ್ಕೇ ಹೋಗ್ರಿ.