ಅಳೆಯದೆ ಸುರಿದವರು

ಸೇರು ತುಂಬಿದ ಮೇಲೂ ಸುರಿದರೆ ಚೆಲ್ಲುತ್ತದೆ ಎಂಬುದು ನಮ್ಮೂರು ಹರಿಹರದಲ್ಲಿ ಮಂಡಕ್ಕಿ ಅಳೆಯುವ ಅಜ್ಜಿಗೂ ಗೊತ್ತು. ಇಲ್ಲಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳೇ ಕಳೆದವು. ಅಲ್ಲಿ ಲೇತ್ ಮಾಡಿದ ಹಿರಿಯರು ಈಗಲೂ ಕೂದಲೆಳೆಯಷ್ಟು ಹೆಚ್ಚುಕಮ್ಮಿಗೆ ಮೂಗು ಮುರಿಯುತ್ತಾರೆ. ಹರಿಹರದಲ್ಲಿ ಅಳೆಯದೆ ಸುರಿಯುವ ಹಕ್ಕಿರುವುದು ಮಳೆಗಾಲದ ತುಂಗಭದ್ರೆಗೆ ಮಾತ್ರ. ಊರಾಚೆ ಆ ಹಕ್ಕನ್ನು ಸಾಫ್ಟ್‌ವೇರ್ ಪಂಡಿತರು ಪಡೆದುಕೊಂಡಿದ್ದಾರೆ.

ಪಂಡಿತರ ಪ್ರವಾಹಕ್ಕೆ ಬಫರ್ ಓವರ್‌ಫ್ಲೋ ಎಂಬ ಗಂಭೀರ ಹೆಸರಿದೆ. ಪ್ರೋಗ್ರಾಂ ಇಂತಿಷ್ಟು ಅಕ್ಷರಕ್ಕೆಂದು ಮೆಮೊರಿಯಲ್ಲಿ ಜಾಗ ಬಿಟ್ಟಿರುತ್ತದೆ. ಹೆಚ್ಚು ಬಂದರೆ ತಡೆಯಬೇಕು, ತಡೆಯುವುದಿಲ್ಲ. ಉಕ್ಕಿದ್ದು ಬದು ದಾಟಿ ಪಕ್ಕಕ್ಕೆ ನುಗ್ಗುತ್ತದೆ. ‘ಈ ಕೆಲಸ ಮುಗಿಸಿ ಎಲ್ಲಿಗೆ ವಾಪಸ್ ಹೋಗಬೇಕು’ ಎಂಬ ವಿಳಾಸದ ಚೀಟಿ ಇರುವುದೂ ಅಲ್ಲೇ. ಕಳ್ಳ ಅದರ ಮೇಲೆ ತನ್ನ ವಿಳಾಸ ಗೀಚುತ್ತಾನೆ. ಕಂಪ್ಯೂಟರ್ ನಿಷ್ಠಾವಂತ ಗುಮಾಸ್ತನಂತೆ ನೇರ ಕಳ್ಳನ ಮನೆಗೆ ಹೋಗಿ ‘ಅಪ್ಪಣೆ ಸಾರ್’ ಅನ್ನುತ್ತದೆ.

1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಬಿಟ್ಟ ಕಂಪ್ಯೂಟರ್ ಹುಳು ಹಿಡಿದ ದಾರಿಗಳಲ್ಲಿ ಇದೂ ಒಂದು. 512 ಬೈಟ್ ಜಾಗಕ್ಕೆ ಸುರಿದದ್ದು 536. ಹೆಚ್ಚಾದದ್ದು ಬರೀ 24. ಮಕಾಡೆ ಮಲಗಿದ್ದು ಸಾವಿರಾರು ಕಂಪ್ಯೂಟರ್. ಪಂಡಿತರು ಇಪ್ಪತ್ತು ವರ್ಷ ಆಳವಾಗಿ ಚಿಂತಿಸಿದರು. ಫಲವಾಗಿ 2008ರಲ್ಲಿ ನೋವೆಲ್ ಕಂಪನಿಯ ಐಪ್ರಿಂಟ್ ಕ್ಲೈಂಟ್‌ನಲ್ಲಿ ಅದೇ ತಪ್ಪು ಸಿಕ್ಕಿತು! ಅಕ್ಷರ ಮುದ್ರಿಸಲು ಹುಟ್ಟಿದ ತಂತ್ರಾಂಶಕ್ಕೆ ಅಕ್ಷರ ಎಣಿಸಲು ಬರುತ್ತಿರಲಿಲ್ಲ. ಕಿಡಿಗೇಡಿ ಹೆಣೆದ ಪುಟವೊಂದನ್ನು ಬ್ರೌಸರಿನಲ್ಲಿ ತೆರೆದರೆ ಸಾಕು, ಕಂಪ್ಯೂಟರ್ ಅವನ ಪಾಲು. ತೇಪೆ ಹಾಕಿದರು. 2009ರಲ್ಲಿ ಅದೇ ಅಂಗಿ ಬೇರೆ ಕಡೆ ಹರಿಯಿತು.

ನಗಬೇಡಿ, ನಾವೇನೂ ಕಡಿಮೆಯಿಲ್ಲ. ಪಹಣಿ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಯೊಂದಕ್ಕೆ ಹೋಗಿದ್ದೆ. ಪರದೆ ಮೇಲೆ ವಿಂಡೋಸ್ 7. ‘ಅಣ್ಣಾ, ಇದು ಹಳೇದಲ್ವಾ?’ ಅಂದೆ. ‘ಓಡ್ತೈತಲ್ರೀ, ಸುಮ್ನೆ ಯಾಕ್ ಮುಟ್ಟೋದು?’ ಎಂದ. ಆಯುಧ ಪೂಜೆಯ ಕುಂಕುಮ ಇನ್ನೂ ಸಿಪಿಯು ನೆತ್ತಿಯಲ್ಲಿತ್ತು. ರಕ್ಷಣೆಗೆ ನಿಂಬೆಹಣ್ಣೂ ಇತ್ತು, ಒಣಗಿತ್ತು.

ಆ ವಿಂಡೋಸ್‌ಗೆ ಮೈಕ್ರೋಸಾಫ್ಟ್ ಉಚಿತ ತೇಪೆ ನಿಲ್ಲಿಸಿದ್ದು 2020ರ ಜನವರಿ 14ರಂದು. ಅಂಗಡಿ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅರ್ಧ ಊರಿನ ಆಧಾರ್ ಕಾರ್ಡುಗಳು ಸಾಲಾಗಿ ಕೂತಿದ್ದವು. ನಿಮ್ಮದೂ ಇರಬಹುದು. ಪ್ರಿಂಟ್ ಕೈಗೆ ಬಂದ ಮೇಲೆ ‘ಅಣ್ಣಾ, ಡಿಲೀಟ್ ಮಾಡು’ ಅನ್ನಿ. ಅವನು ಮಾಡುವವರೆಗೂ ಅಲ್ಲೇ ನಿಂತಿರಿ.