ಚಿಮ್ಮಂಡೆ ಕಣ್ಲಾ ಅದು!

ಮಳವಳ್ಳಿ ಕಡೆಯ ನಮ್ಮೂರ ಮನೆಯ ಬಚ್ಚಲಲ್ಲಿ ರಾತ್ರಿ ಹತ್ತಾಯಿತೆಂದರೆ ಕಿರ್ರೋ ಅಂತ ಕಚೇರಿ ಶುರು. ಹಂಡೆ ಸರಿಸಿ ಬ್ಯಾಟರಿ ಬಿಟ್ಟರೆ ಗಪ್‌ಚಿಪ್. ರಜೆಗೆ ಬಂದಿದ್ದ ಮಗ "ಅದ್ಯಾವ ಹುಳ?" ಅಂದ. ಕಾದಂಬರಿ ಓದಿದ ಗತ್ತಿನಲ್ಲಿ "ಜೀರುಂಡೆ" ಅಂದೆ. "ಅಲ್ಲಪ್ಪ, ಜೀರುಂಡೆ ಅಂದ್ರೆ ಬೀಟಲ್. ಪುಸ್ತಕದಲ್ಲಿದೆ!" ನಡುಮನೆಯಿಂದ ನಮ್ಮವ್ವ, "ಚಿಮ್ಮಂಡೆ ಕಣ್ಲಾ ಅದು, ಸುಮ್ಕೆ ಮನೀಕಳಿ" ಅಂದು ಮಗ್ಗುಲು ಬದಲಿಸಿದಳು.

ಕೇಸು ಅಲ್ಲಿಗೆ ಮುಗಿಯಬೇಕಿತ್ತು. ನನಗೆ ನಿದ್ದೆ ಬರಲಿಲ್ಲ, ಈ ಹುಳಕ್ಕೆ ಬೇರೆ ಭಾಷೆಯವರು ಇಟ್ಟ ಹೆಸರುಗಳು ತಲೆ ಹೊಕ್ಕವು. ತೆಲುಗರ ಕೀಚುರಾಯಿ, ಮಲಯಾಳಿಗಳ ಚೀವೀಡು, ತಮಿಳರ ಸಿಲ್‌ವಂಡು ಎಲ್ಲವೂ ಕಿವಿಯಿಂದ ಹುಟ್ಟಿದ ಹೆಸರುಗಳು. ಗಂಡುಹುಳ ರೆಕ್ಕೆಗೆ ರೆಕ್ಕೆ ಉಜ್ಜಿ ಹೆಣ್ಣನ್ನು ಕರೆಯುವ ಸದ್ದು ಅದು. ಇಂಗ್ಲಿಷಿನವರಿಗೆ ಹುಳವೂ ಕ್ರಿಕೆಟ್, ಆಟವೂ ಕ್ರಿಕೆಟ್. ನಿದ್ದೆಗೆಡಿಸುವುದರಲ್ಲಿ ಎರಡೂ ಒಂದೇ ಬಿಡಿ.

ಹೆಸರಿನ ವಿಷಯದಲ್ಲಿ ಮಿಡತೆಯ ಕತೆ ಬೇರೆ. ಮಿಡಿದು ಹಾರುವುದರಿಂದ ನಮಗದು ಮಿಡತೆ. ಮರಾಠಿಗರಿಗೆ ನಾಕತೋಡಾ, ಅಂದರೆ ಮೂಗು ಕತ್ತರಿಸುವವನು. ಪಾಪದ ಹುಳಕ್ಕೆ ಲಕ್ಷ್ಮಣನ ಕೆಲಸ! ತಮಿಳರು ವೆಟ್ಟುಕ್ಕಿಳಿ ಅನ್ನುತ್ತಾರೆ, ಕತ್ತರಿಸುವ ಗಿಳಿ. ಕಾವೇರಿ ವಿಷಯದಲ್ಲಿ ನಮ್ಮ ಅವರ ಜಗಳ ಇದ್ದದ್ದೇ, ಆದರೂ ಈ ಹೆಸರಿಟ್ಟವನಿಗೆ ಮದ್ದೂರಲ್ಲಿ ರೈಲು ನಿಲ್ಲಿಸಿ ವಡೆ ಕೊಡಿಸಬೇಕು.

ಬೆಳಗ್ಗೆ ಕಬ್ಬಿನ ಗದ್ದೆ ಬದುವಿನಲ್ಲಿ ಮಗ ಒಂದು ಹಸಿರು ಮಿಡತೆ ಹಿಡಿದ. ಅಂಗೈಯಲ್ಲಿಟ್ಟು ನೋಡಿದೆವು: ಉದ್ದ ಮೋರೆ, ಪಕ್ಕಕ್ಕೆ ಪಕ್ಕಕ್ಕೆ ಮೇಯುವ ದವಡೆ, ಮಡಚಿಟ್ಟ ಹಿಂಗಾಲು. ಥೇಟು ಕುದುರೆ! ಇಟಲಿಯವರಿಗೆ ಇದು ಪುಟ್ಟ ಕುದುರೆ, ಜರ್ಮನರಿಗೆ ಒಣಹುಲ್ಲಿನ ಕುದುರೆ, ಮಲಯಾಳಿಗಳಿಗೆ ಹಸಿರು ಕುದುರೆ. ನಾವು ಚಿಕ್ಕಂದಿನಲ್ಲಿ ಸೂರ್ಯನ ಕುದುರೆ ಅಂತಿದ್ದೆವು. ಆದರೆ ಸೂರ್ಯನ ಕುದುರೆ ಅಂದರೆ ಮಿಡತೆಯಲ್ಲವಂತೆ, ಮುಂಗಾಲು ಜೋಡಿಸಿ ಕೈಮುಗಿದು ನಿಲ್ಲುವ ಇನ್ನೊಂದು ಹುಳವಂತೆ. ಹೀಗೆ ತಿದ್ದಿದವನೂ ಮಗನೇ. ಅಷ್ಟರಲ್ಲಿ ಅಂಗೈಯ ಮಿಡತೆ ಅವನ ಬೆರಳಿಗೆ ಕಂದು ರಸ ಕಕ್ಕಿ ಜಿಗಿಯಿತು. ನನಗೆ ಒಳಗೊಳಗೇ ಖುಷಿ.

ಹೆಸರಿನ ಗೊಂದಲ ಬರೀ ತಮಾಷೆಯಲ್ಲ. 2020ರಲ್ಲಿ ಉತ್ತರ ಭಾರತಕ್ಕೆ ಮರುಭೂಮಿ ಮಿಡತೆ ನುಗ್ಗಿದಾಗ, ಕೋಲಾರದ ಕಡೆ ಎಕ್ಕದ ಗಿಡದಲ್ಲಿ ಕೂತಿದ್ದ ಬಣ್ಣದ ಮಿಡತೆಗಳನ್ನು ಕಂಡೂ ಜನ ಹೆದರಿದರು. ಹೆಸರು ಒಂದೇ ಆದರೂ ಅವು ಎಕ್ಕ ತಿನ್ನುವ ನಮ್ಮವೇ ಮಿಡತೆಗಳು.

ನಿಮ್ಮೂರಲ್ಲಿ ಬಚ್ಚಲ ಗಾಯಕನಿಗೆ ಏನಂತಾರೆ, ಒಂದು ಕಾಗದ ಹಾಕಿ. ಮಂಡ್ಯದವರು ಮಾತ್ರ "ಅದಾ? ಯಾವ್ದೋ ಹುಳ ಕಣಪ್ಪ" ಅಂತ ಬರೆಯಬೇಡಿ.